ಗಾಳದ ದಾರದಲ್ಲಿ ಅನಾಮಾರ್ಫಿಕ್ ಫ್ಲೇರ್: ನನ್ನ ಅನುಭವ

ರಾತ್ರಿ ದೃಶ್ಯದಲ್ಲಿ ಹೆಡ್‌ಲೈಟಿನಿಂದ ಪರದೆಯ ಉದ್ದಕ್ಕೂ ಹರಿಯುವ ಅಡ್ಡಗೆರೆಯೇ ಅನಾಮಾರ್ಫಿಕ್ ಫ್ಲೇರ್, ಸಿನಿಮಾಸ್ಕೋಪ್ (ಅನಾಮಾರ್ಫಿಕ್) ಲೆನ್ಸಿನ ಗುರುತು. ದಾವಣಗೆರೆಯಲ್ಲಿ ಮದುವೆ ವಿಡಿಯೋ ಮಾಡುವ ನಮಗೆ ಅಂಥ ಲೆನ್ಸ್ ಕೈಗೆಟುಕುವುದಿಲ್ಲ. 50 ಎಂಎಂ ಎಫ್1.8 ಲೆನ್ಸ್, ಒಂದು ಗೇಣು ಗಾಳದ ನೈಲಾನ್ ದಾರ, ಲೆನ್ಸಿನ ಮುಂದೆ ತಿರುಗಿಸಿ ಹಾಕುವ, ಗೀಚುಬಿದ್ದ ಹಳೆಯ ಪೋಲರೈಸರ್ ಫಿಲ್ಟರ್ ಇಷ್ಟರಲ್ಲೇ ಆ ಗೆರೆ ತರಬಹುದು.

ದಾರ ಹೆಣೆದದ್ದಾಗಿರಬಾರದು. 0.4 ಎಂಎಂ ದಪ್ಪದ, ಪಾರದರ್ಶಕವಾದ ಒಂಟಿ ಎಳೆ ಬೇಕು. ಅದು ಪುಟ್ಟ ಗಾಜಿನ ಕಡ್ಡಿಯ ಹಾಗೆ ಬೆಳಕನ್ನು ತನ್ನ ಅಡ್ಡಕ್ಕೆ ಚೆಲ್ಲುತ್ತದೆ. ಹಾಗಾಗಿ ಗೆರೆ ಅಡ್ಡ ಬರಬೇಕೆಂದರೆ ದಾರ ಲಂಬವಾಗಿ ನಿಲ್ಲಬೇಕು.

ಮೊದಲು ಮಾಮೂಲಿ ಯುವಿ ಫಿಲ್ಟರಿನ ರಿಂಗಿಗೆ ಕಟ್ಟಿದ್ದೆ. ರಿಂಗ್ ಬಿಗಿಯಾಗುವ ಹೊತ್ತಿಗೆ ದಾರ ಓರೆಯಾಗುತ್ತದೆ, ದಾರ ಸರಿಮಾಡಿದರೆ ರಿಂಗ್ ಸಡಿಲ. ಪೋಲರೈಸರಿನ ಮುಂದಿನ ಬಳೆ ಬಿಗಿದ ಮೇಲೂ ತಿರುಗುವುದರಿಂದ ಆ ರಗಳೆಯಿಲ್ಲ. ಅದರ ಗಾಜು ಹಿಡಿದಿರುವ ತೆಳು ರಿಂಗಿನಲ್ಲಿ ಎರಡು ಕಚ್ಚುಗಳಿರುತ್ತವೆ. ಜಾಮಿಟ್ರಿ ಬಾಕ್ಸಿನ ಡಿವೈಡರಿನ ಮೊನೆಗಳನ್ನು ಅವಕ್ಕೆ ಕೊಟ್ಟು ತಿರುಗಿಸಿದರೆ ಗಾಜು ಹೊರಬರುತ್ತದೆ. ಬಳೆಯ ಎದುರುಬದುರು ಅಂಚಿನಲ್ಲಿ ತ್ರಿಕೋನ ಅರದಿಂದ ಅರ್ಧ ಮಿಲಿಮೀಟರ್ ಆಳ ಕೊರೆದು ದಾರ ಕೂರಿಸಿ, ಬೆರಳಲ್ಲಿ ಮೀಟಿದರೆ ಟಣ್ ಎನ್ನುವಷ್ಟು ಎಳೆಯಿರಿ. ನೈಲಾನಿಗೆ ಅಂಟು ಸರಿಯಾಗಿ ಕಚ್ಚುವುದಿಲ್ಲ. ತುದಿಗೆ ಗಂಟು ಹಾಕಿ, ಗಂಟಿನ ಮೇಲೆ ಎಪಾಕ್ಸಿ ಹಚ್ಚಿ. ಸೂಪರ್ ಗ್ಲೂ ಬೇಡವೇ ಬೇಡ: ಅದರ ಆವಿ ಹತ್ತಿರದ ಗಾಜಿನ ಮೇಲೆ ಬಿಳಿ ಪೊರೆಯಾಗಿ ಕೂರುತ್ತದೆ.

ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ) ಎಫ್1.8ರಲ್ಲೇ ಇರಲಿ. ಆಗ ಲೆನ್ಸಿನ ಬಾಯಿ ಸುಮಾರು 28 ಎಂಎಂ, ದಾರ ಮರೆಮಾಡುವುದು ಅದರ ನೂರರಲ್ಲಿ 2 ಪಾಲಿನಷ್ಟು. ಎಫ್8ಕ್ಕೆ ಇಳಿಸಿದರೆ ಬಾಯಿ 6 ಎಂಎಂ ಚಿಲ್ಲರೆಗೆ ಕಿರಿದಾಗಿ ಅದೇ ದಾರ ನೂರಕ್ಕೆ 8 ಪಾಲು ನುಂಗುತ್ತದೆ. ಗೆರೆ ಜೋರಾಗುತ್ತದೆ ನಿಜ, ಆದರೆ ಇಡೀ ಚಿತ್ರ ಮಬ್ಬಾಗುತ್ತದೆ. ವೈಡ್ ಲೆನ್ಸಿನಲ್ಲಂತೂ ದಾರದ ನೆರಳೇ ಕಾಣುತ್ತದೆ.

ಬೆಳಕು ಚುಕ್ಕೆಯಂತೆ ಸಣ್ಣದಾಗಿ, ಪ್ರಖರವಾಗಿ, ಕತ್ತಲ ನಡುವೆ ಇರಬೇಕು. ಚಿತ್ರದುರ್ಗ ಬೈಪಾಸಿನ ಸರ್ವಿಸ್ ರಸ್ತೆಯಲ್ಲಿ ನಿಂತು ದೂರದಿಂದ ಬರುವ ಲಾರಿಗಳನ್ನು ಹಿಡಿದರೆ ಗೆರೆ ಕತ್ತಿಯಂಚಿನಂತೆ ಬರುತ್ತದೆ. ಕಲ್ಯಾಣ ಮಂಟಪದ ಸೀರಿಯಲ್ ಸೆಟ್ಟಿಗೆ ಇದು ಒಗ್ಗುವುದಿಲ್ಲ. ನೂರು ಬಲ್ಬಿನ ನೂರು ಗೆರೆ ಸೇರಿ ಮಂಜು ಕವಿದಂತಾಗುತ್ತದೆ. ಅಲ್ಲಿ ಒಂದೇ ಎಲ್‌ಇಡಿ ಟಾರ್ಚನ್ನು ವಧೂವರರ ಹಿಂದಿನಿಂದ ಲೆನ್ಸಿನತ್ತ ತಿರುಗಿಸುತ್ತೇನೆ. ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ಕ್ಯಾಮೆರಾದ ಹೊಂದಾಣಿಕೆ) 3200 ಕೆಲ್ವಿನ್‌ಗಿಟ್ಟರೆ ಹಳದಿ ದೀಪದಡಿ ಮುಖದ ಬಣ್ಣ ಸರಿಯಿದ್ದು, ಬಿಳಿ ಟಾರ್ಚಿನ ಗೆರೆ ಮಾತ್ರ ನೀಲಿಯಾಗುತ್ತದೆ.

ಹಿನ್ನೆಲೆಯ ದೀಪಗಳು ಮೊಟ್ಟೆಯಾಕಾರಕ್ಕೆ ಬರಬೇಕಾದರೆ ಕಪ್ಪು ಕಾರ್ಡಿನಲ್ಲಿ 28 ಎಂಎಂ ಎತ್ತರ, 14 ಎಂಎಂ ಅಗಲದ ರಂಧ್ರ ಕತ್ತರಿಸಿ ಅದೇ ಬಳೆಯೊಳಗೆ, ಮುಂದಿನ ಗಾಜಿಗೆ ಎಷ್ಟು ಸಾಧ್ಯವೋ ಅಷ್ಟು ಹತ್ತಿರ ಕೂರಿಸಿ. ಬೆಳಕು ಅರ್ಧವಾಗುತ್ತದೆ, ಬೆಳಕಿಗೆ ಕ್ಯಾಮೆರಾದ ಸಂವೇದನೆ ತಿಳಿಸುವ ಐಎಸ್‌ಒ 800 ಇದ್ದರೆ 1600 ಮಾಡಿ. ರೀಲ್ಸಿಗೆಂದು ಕ್ಯಾಮೆರಾವನ್ನು ಉದ್ದುದ್ದ ಹಿಡಿದಾಗ ಬಳೆಯನ್ನೂ 90 ಡಿಗ್ರಿ ತಿರುಗಿಸಬೇಕು.