ಚಿಟ್ಟೆಯನ್ನು ವರ್ಗೀಕರಿಸಿ ಅದರ ವೈಜ್ಞಾನಿಕ ಹೆಸರು ಬರೆಯುವ ಕ್ರಮ

ಪಶ್ಚಿಮಘಟ್ಟದಲ್ಲಿ ಚಿಟ್ಟೆಯೊಂದರ ಚಿತ್ರ ತೆಗೆದವರು ಅದರ ಹೆಸರು ಹುಡುಕಲು ಸಾಮಾನ್ಯವಾಗಿ ರೆಕ್ಕೆಯ ಬಣ್ಣದಿಂದಲೇ ಹೊರಡುತ್ತಾರೆ. ಬಣ್ಣವನ್ನು ಕೊನೆಗೆ ಇಟ್ಟುಕೊಂಡು, ಮೊದಲು ಕುಟುಂಬವನ್ನು ನಿರ್ಧರಿಸುವುದು ಲೇಸು. ಭಾರತದ ಚಿಟ್ಟೆಗಳು ಪ್ಯಾಪಿಲಿಯೊನಿಡೆ, ಪೈರಿಡೆ, ನಿಂಫಾಲಿಡೆ, ಲೈಸೆನಿಡೆ, ರಿಯೋಡಿನಿಡೆ ಮತ್ತು ಹೆಸ್ಪೆರಿಡೆ ಎಂಬ ಆರು ಕುಟುಂಬಗಳಿಗೆ ಸೇರುತ್ತವೆ. ಕುಳಿತ ಚಿಟ್ಟೆಯ ಮುಂಗಾಲುಗಳು ಮೊಟಕಾಗಿದ್ದು ಅದು ನಾಲ್ಕೇ ಕಾಲುಗಳ ಮೇಲೆ ನಿಂತಿದ್ದರೆ ಬಹುಮಟ್ಟಿಗೆ ನಿಂಫಾಲಿಡೆ ಎನ್ನಬಹುದು. ಮೈ ದಪ್ಪಗಿದ್ದು ಕುಡಿಮೀಸೆಯ ತುದಿ ಕೊಕ್ಕೆಯಂತೆ ಬಾಗಿದ್ದರೆ ಹೆಸ್ಪೆರಿಡೆ.

ಬಣ್ಣ ಹೇಗೆ ದಾರಿ ತಪ್ಪಿಸುತ್ತದೆ ಎಂಬುದನ್ನು ಮನೆಯ ಕರಿಬೇವಿನ ಗಿಡದ ಬಳಿಯೇ ನೋಡಬಹುದು. ಅಲ್ಲಿ ಮೊಟ್ಟೆಯಿಡಲು ಬರುವ ಕಾಮನ್ ಮಾರ್ಮನ್ ಹೆಣ್ಣಿಗೆ ಹಲವು ರೂಪಗಳಿವೆ: ಒಂದು ಗಂಡನ್ನು ಹೋಲಿದರೆ, ಮತ್ತೊಂದು ವಿಷಯುಕ್ತ ಕಾಮನ್ ರೋಸ್ ಚಿಟ್ಟೆಯನ್ನೂ, ಇನ್ನೊಂದು ಕ್ರಿಮ್ಸನ್ ರೋಸ್ ಚಿಟ್ಟೆಯನ್ನೂ ಅನುಕರಿಸುತ್ತದೆ. ಈ ಮೂರೂ ರೂಪಗಳು ಪಪಿಲಿಯೊ ಪಾಲಿಟಿಸ್ ಎಂಬ ಒಂದೇ ಪ್ರಭೇದಕ್ಕೆ ಸೇರಿದವು. ರೆಕ್ಕೆ ಬಿಟ್ಟು ದೇಹವನ್ನು ನೋಡಿದರೆ ಗೊಂದಲ ಬಗೆಹರಿಯುತ್ತದೆ. ರೋಸ್ ಚಿಟ್ಟೆಗಳ ದೇಹದಲ್ಲಿ ಎದ್ದು ಕಾಣುವ ಕೆಂಪಿರುತ್ತದೆ, ಮಾರ್ಮನ್‌ನ ದೇಹ ಕಪ್ಪು.

ಋತುವನ್ನೂ ಗಮನಿಸಬೇಕು. ಪೀಕಾಕ್ ಪ್ಯಾನ್ಸಿ ಚಿಟ್ಟೆಯ ಬೇಸಿಗೆಯ ರೂಪದಲ್ಲಿ ರೆಕ್ಕೆಯ ಕೆಳಭಾಗ ಒಣಗಿದ ಎಲೆಯಂತಿದ್ದರೆ, ಮಳೆಗಾಲದ ರೂಪದಲ್ಲಿ ಅಲ್ಲಿ ಕಣ್ಣಿನಂಥ ಚುಕ್ಕೆಗಳು ಸ್ಪಷ್ಟವಾಗಿರುತ್ತವೆ. ಎರಡು ಪದಗಳ ವೈಜ್ಞಾನಿಕ ಹೆಸರಿಡುವ ಪದ್ಧತಿಯನ್ನು ರೂಢಿಗೆ ತಂದ ಲಿನ್ನೇಯಸ್‌ನಂಥವನೇ 1758ರಲ್ಲಿ ಇವೆರಡಕ್ಕೂ ಆಲ್ಮಾನಾ, ಆಸ್ಟೀರಿ ಎಂದು ಬೇರೆ ಬೇರೆ ಹೆಸರಿಟ್ಟಿದ್ದ. ಒಂದೇ ಪ್ರಭೇದಕ್ಕೆ ಎರಡು ಹೆಸರುಗಳಿದ್ದಾಗ ಮೊದಲು ಪ್ರಕಟವಾದದ್ದೇ ಊರ್ಜಿತವೆಂಬುದು ಸಾಮಾನ್ಯ ನಿಯಮ. ಎರಡೂ ಒಟ್ಟಿಗೇ ಪ್ರಕಟವಾಗಿದ್ದರೆ, ಅವುಗಳನ್ನು ಮೊದಲು ಪರಿಷ್ಕರಿಸಿದ ಲೇಖಕನ ಆಯ್ಕೆ ನಿಲ್ಲುತ್ತದೆ. ಇಂದು ಈ ಚಿಟ್ಟೆ ಜುನೋನಿಯಾ ಆಲ್ಮಾನಾ.

ಇನ್ನು ಬರವಣಿಗೆ. ಮೊದಲ ಪದ ಕುಲದ ಹೆಸರು, ಎರಡನೆಯದು ಪ್ರಭೇದದ್ದು. ಉಪಪ್ರಭೇದವಿದ್ದರೆ ಮೂರನೆಯ ಪದ ಸೇರುತ್ತದೆ. ರೋಮನ್ ಲಿಪಿಯಲ್ಲಿ ಕುಲದ ಮೊದಲ ಅಕ್ಷರ ಮಾತ್ರ ದೊಡ್ಡದು, ಇಡೀ ಹೆಸರು ಓರೆ ಅಕ್ಷರದಲ್ಲಿ. ಬಳಿಕ ಆ ಪ್ರಭೇದವನ್ನು ಮೊದಲು ವಿವರಿಸಿದವರ ಹೆಸರು, ಅಲ್ಪವಿರಾಮ, ಪ್ರಕಟಣೆಯ ವರ್ಷ ಬರುತ್ತವೆ; ಇವು ನೇರ ಅಕ್ಷರದಲ್ಲಿರಬೇಕು.

ಹೆಚ್ಚಿನವರು ಎಡವುವುದು ಆವರಣ ಚಿಹ್ನೆಯಲ್ಲಿ (ಬ್ರ್ಯಾಕೆಟ್). ಪಪಿಲಿಯೊ ಪಾಲಿಟಿಸ್ ಲಿನ್ನೇಯಸ್, 1758 ಎಂಬಲ್ಲಿ ಆವರಣವಿಲ್ಲ, ಏಕೆಂದರೆ ಆತ ಸೇರಿಸಿದ ಕುಲದಲ್ಲಿಯೇ ಅದು ಇಂದಿಗೂ ಇದೆ. ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಅನ್ನು ಟ್ರಾಯ್ಡೀಸ್ ಮೈನೋಸ್ (ಕ್ರಾಮರ್, 1779) ಎಂದು ಬರೆಯುತ್ತೇವೆ. ಕ್ರಾಮರ್ ಅದನ್ನು ಪಪಿಲಿಯೊ ಕುಲದಲ್ಲಿ ವಿವರಿಸಿದ್ದ. ಆಗ ಚಿಟ್ಟೆಗಳೆಲ್ಲ ಆ ಒಂದೇ ಕುಲದಲ್ಲಿ ತುಂಬಿಕೊಂಡಿದ್ದವು. ಆಮೇಲೆ ಅದು ಟ್ರಾಯ್ಡೀಸ್ ಕುಲಕ್ಕೆ ವರ್ಗವಾದ ಸಂಗತಿಯನ್ನು ಆವರಣ ಸೂಚಿಸುತ್ತದೆ. ಅದನ್ನು ಅಂದಕ್ಕೆಂದು ಸೇರಿಸುವುದಾಗಲಿ ತೆಗೆಯುವುದಾಗಲಿ ಸಲ್ಲದು. ಹಳೆಯ ಕೈಪಿಡಿಗಳಲ್ಲಿ ಇದೇ ಚಿಟ್ಟೆ ಟ್ರಾಯ್ಡೀಸ್ ಹೆಲೆನಾ ಎಂಬ ಪ್ರಭೇದದ ಉಪಪ್ರಭೇದವಾಗಿ ಕಾಣಿಸುತ್ತದೆ. ಹಳೆಯ ದಾಖಲೆಯನ್ನು ಹೊಸದರೊಡನೆ ಹೋಲಿಸುವಾಗ ಇಂಥ ಬದಲಾವಣೆಗಳನ್ನು ತಿಳಿದಿರಬೇಕು, ಇಲ್ಲವಾದರೆ ಒಂದೇ ಚಿಟ್ಟೆ ಪಟ್ಟಿಯಲ್ಲಿ ಎರಡು ಸಲ ನುಸುಳುತ್ತದೆ.

ಲೈಸೆನಿಡೆ ಕುಟುಂಬದ ಪುಟ್ಟ ನೀಲಿ ಚಿಟ್ಟೆಗಳಲ್ಲಿ ಕೆಲವನ್ನು ಜನನಾಂಗದ ರಚನೆ ನೋಡದೆ ಖಚಿತವಾಗಿ ಬೇರ್ಪಡಿಸಲಾಗದು. ಚಿತ್ರವಷ್ಟೇ ಕೈಯಲ್ಲಿದ್ದಾಗ ಊಹೆಯಿಂದ ಪ್ರಭೇದವನ್ನು ತುಂಬದೆ, ಕುಲದ ಹೆಸರಿನ ನಂತರ ಎಸ್‌ಪಿ. (sp., ಪ್ರಭೇದ ಖಚಿತವಾಗಿಲ್ಲ ಎಂಬ ಸೂಚನೆ) ಎಂದು ನೇರ ಅಕ್ಷರದಲ್ಲಿ ಬರೆದು, ಚಿತ್ರ ತೆಗೆದ ಸ್ಥಳ ಮತ್ತು ದಿನಾಂಕವನ್ನು ಅದರೊಡನೆ ನಮೂದಿಸಿ.