ರೇಡಿಯೇಟರ್ ಬಿಸಿಯಾಗುತ್ತಿಲ್ಲವೇ? ಮೊದಲು ಮುಟ್ಟಿ ನೋಡಿ

ಬ್ರಿಟನ್ನಿನ ಮನೆಗಳಲ್ಲಿ ನೀರು ಕಾಯಿಸುವ ಬಾಯ್ಲರ್ ಓಡುತ್ತಿದ್ದರೂ, ಆ ಬಿಸಿನೀರು ಹರಿದು ಕೋಣೆಯನ್ನು ಬೆಚ್ಚಗಾಗಿಸುವ ಲೋಹದ ರೇಡಿಯೇಟರ್ ತಣ್ಣಗಿದ್ದರೆ, ಅದರ ಮೇಲಿಂದ ಕೆಳಗಿನವರೆಗೆ ಕೈಯಾಡಿಸಿ. ಎಲ್ಲಿ ತಣ್ಣಗಿದೆ ಎಂಬುದರಲ್ಲೇ ಅರ್ಧ ಉತ್ತರವಿದೆ.

ಮೇಲ್ಭಾಗ ಮಾತ್ರ ತಣ್ಣಗಿದ್ದರೆ ಒಳಗೆ ಗಾಳಿ ಸೇರಿದೆ. ಹೀಟಿಂಗ್ ಆರಿಸಿ, ತಣಿಯಲು ಬಿಡಿ. ಮೇಲಿನ ಮೂಲೆಯ ಚೌಕ ತಿರುಪಿಗೆ ಬ್ಲೀಡ್ ಕೀಲಿ (ಗಾಳಿ ಹೊರಬಿಡುವ ಪುಟ್ಟ ಕೀಲಿ) ಹಾಕಿ, ಕೆಳಗೆ ಬಟ್ಟೆ ಹಿಡಿದು, ಎಡಕ್ಕೆ ಅರ್ಧ ಸುತ್ತು ತಿರುಗಿಸಿ. ಬುಸ್ಸೆಂದು ಗಾಳಿ ಹೋಗಿ ನೀರು ಒಂದೇ ಸಮನೆ ಬಂದೊಡನೆ ಮುಚ್ಚಿ. ಗಾಳಿ ಹೋದಷ್ಟೂ ಕೊಳವೆಗಳೊಳಗಿನ ನೀರಿನ ಒತ್ತಡ ಇಳಿಯುತ್ತದೆ. ಬಹಳ ಜನ ಮರೆಯುವುದು ಇದನ್ನೇ. ಕಾಂಬಿ ಬಾಯ್ಲರಿನ (ಹೀಟಿಂಗಿಗೂ ನಲ್ಲಿಯ ಬಿಸಿನೀರಿಗೂ ಒಂದೇ ಆದ ಬಾಯ್ಲರ್) ಒತ್ತಡದ ಮುಳ್ಳು ತಣ್ಣಗಿರುವಾಗ ಸಾಮಾನ್ಯವಾಗಿ 1ರಿಂದ 1.5 ಬಾರ್ ತೋರಿಸಬೇಕು. ಕಡಿಮೆಯಿದ್ದರೆ ಫಿಲ್ಲಿಂಗ್ ಲೂಪ್‌ನ (ಹೀಟಿಂಗಿಗೆ ನೀರು ತುಂಬಿಸುವ ಕೊಳವೆ) ನಲ್ಲಿ ನಿಧಾನವಾಗಿ ತೆರೆದು ತುಂಬಿಸಿ, ಬಿಗಿಯಾಗಿ ಮುಚ್ಚಿ.

ಒಂದೇ ರೇಡಿಯೇಟರ್ ಪೂರ್ತಿ ತಣ್ಣಗಿದ್ದರೆ ಥರ್ಮೋಸ್ಟಾಟಿಕ್ ವಾಲ್ವಿನ (ಕೋಣೆಯ ಬಿಸಿ ನೋಡಿ ನೀರನ್ನು ಹೆಚ್ಚುಕಡಿಮೆ ಮಾಡುವ, ಬದಿಯ ತಿರುಗುಬಿರಡೆ) ಪಿನ್ ಅಂಟಿಕೊಂಡಿರಬಹುದು. ಬೇಸಿಗೆಯಿಡೀ ಮುಚ್ಚಿಟ್ಟ ವಾಲ್ವಿಗೆ ಇದು ಮಾಮೂಲು. ವಾಲ್ವಿನ ಮೇಲಿನ ಸಂಖ್ಯೆಯನ್ನು ಗರಿಷ್ಠಕ್ಕಿಟ್ಟು ಅದರ ತಲೆಯನ್ನು ಬಿಚ್ಚಿ. ಪಿನ್ನನ್ನು ಸ್ಪ್ಯಾನರಿನ ಚಪ್ಪಟೆ ಭಾಗದಿಂದ ಮೆಲ್ಲಗೆ ಒತ್ತಿದರೆ ತಾನಾಗಿ ಮೇಲೆ ಪುಟಿಯಬೇಕು. ಇಕ್ಕಳದಿಂದ ಎಳೆಯಲೇಬೇಡಿ, ಕಿತ್ತುಬಂದರೆ ನೀರು ಚಿಮ್ಮುತ್ತದೆ.

ಕೆಳಗೆ ನಡುಭಾಗ ತಣ್ಣಗಿದ್ದರೆ ತುಕ್ಕಿನ ಕಪ್ಪು ಕೆಸರು ಕೂತಿದೆ. ಗಾಳಿ ಬಿಟ್ಟು ಫಲವಿಲ್ಲ, ಫ್ಲಶ್ ಮಾಡಿಸಿ ಕೆಸರನ್ನು ತೊಳೆದು ತೆಗೆಸಬೇಕು.

ಎಲ್ಲವೂ ತಣ್ಣಗಿದ್ದರೆ ಟೈಮರ್, ಥರ್ಮೋಸ್ಟಾಟ್, ಒತ್ತಡ ನೋಡಿ. ಆಮೇಲೂ ಸರಿಹೋಗದಿದ್ದರೆ ಪಂಪ್ ಅಥವಾ ಬಾಯ್ಲರಿನದೇ ದೋಷವಿರಬಹುದು. ಗ್ಯಾಸ್ ಬಾಯ್ಲರಿನ ಒಳಗೆ ನೀವು ಕೈಹಾಕಬೇಡಿ, ಗ್ಯಾಸ್ ಸೇಫ್ (ಬ್ರಿಟನ್ನಿನ ಅಧಿಕೃತ ಗ್ಯಾಸ್ ಕೆಲಸಗಾರರ ಪಟ್ಟಿ) ನೋಂದಣಿಯಿರುವ ಎಂಜಿನಿಯರನ್ನೇ ಕರೆಸಿ.