ಮನೆಯಲ್ಲೇ ಕೂತು ಫೋಟೋ ರಿಟಚಿಂಗ್: ಹೊಸಬರಿಗೆ ಗೊತ್ತಿರಬೇಕಾದದ್ದು

ಒಂದು ಮದುವೆಯಲ್ಲಿ ಸಾವಿರಾರು ಫೋಟೋ ತೆಗೆಯುತ್ತಾರೆ, ಆಲ್ಬಮಿಗೆ ಹೋಗುವುದು ಅದರಲ್ಲಿ ಕೆಲವು ನೂರು. ಅಷ್ಟನ್ನು ತಿದ್ದಿಕೊಡಲು ಸ್ಟುಡಿಯೋದವರಿಗೆ ಹೆಚ್ಚಿನ ಸಲ ಪುರುಸೊತ್ತು ಇರುವುದಿಲ್ಲ. ಉಪ್ಪಳ, ಕುಂಬಳೆ, ಬದಿಯಡ್ಕದ ಕಡೆ ಫೋಟೋ ತಿದ್ದುವ ಈ ಕೆಲಸ (ರಿಟಚಿಂಗ್) ಶುರುಮಾಡುವವರು ಮೊದಲು ವಿಚಾರಿಸಬೇಕಾದದ್ದು ಊರಿನ ಸ್ಟುಡಿಯೋಗಳಲ್ಲಿಯೇ. ವಿದೇಶದ ಗಿರಾಕಿ ಆಮೇಲೆ ಬಂದಾರು.

ಕಂಪ್ಯೂಟರಿಗೆ 16 ಜಿಬಿ ರ್‍ಯಾಮ್, ಎಸ್‌ಎಸ್‌ಡಿ ಇರಲಿ. ಅದಕ್ಕಿಂತ ಮುಖ್ಯ ಮಾನಿಟರ್. ಎಸ್‌ಆರ್‌ಜಿಬಿ (ಸಾಮಾನ್ಯ ಪರದೆಗಳು ಬಳಸುವ ಬಣ್ಣಗಳ ವ್ಯಾಪ್ತಿ) ಪೂರ್ತಿ ತೋರಿಸುವ ಐಪಿಎಸ್ (ಬದಿಯಿಂದ ನೋಡಿದರೂ ಬಣ್ಣ ಹೆಚ್ಚು ಬದಲಾಗದ) ಪ್ಯಾನೆಲ್ ಸಾಕು. ಬಿಳಿ 6500 ಕೆಲ್ವಿನ್, ಗಾಮಾ (ನಡುವಿನ ಛಾಯೆಗಳ ಮಟ್ಟ) 2.2, ಬೆಳಕು 100ರಿಂದ 120 ನಿಟ್ಸ್ (ಪರದೆಯ ಪ್ರಖರತೆಯ ಅಳತೆ) ಇಟ್ಟುಕೊಳ್ಳಿ. ಹೊಸ ಮಾನಿಟರುಗಳು ಅದಕ್ಕಿಂತ ಎಷ್ಟೋ ಪ್ರಖರವಾಗಿರುತ್ತವೆ. ಪರದೆಯಲ್ಲಿ ಚೆನ್ನಾಗಿ ಕಂಡ ಫೋಟೋ ಪ್ರಿಂಟಿನಲ್ಲಿ ಕಪ್ಪಾಗಿ ಬರುವುದು ಇದರಿಂದಲೇ. ಪರದೆಯ ಬಣ್ಣ ಅಳೆಯುವ ಯಂತ್ರ ಕೊಳ್ಳುವ ತನಕ, ಲ್ಯಾಬಿನಲ್ಲಿ ಒಂದು ಫೋಟೋ ಪ್ರಿಂಟ್ ಹಾಕಿಸಿ ಪರದೆಯ ಪಕ್ಕ ಹಿಡಿದು ಹೋಲಿಸಿ. 6×4 ಇಂಚಿನ ಪೆನ್ ಟ್ಯಾಬ್ಲೆಟ್ ಧಾರಾಳವಾಯಿತು. ಕಲಿಯಲು ಗಿಂಪ್, ಕ್ರಿಟಾ ಉಚಿತ. ಆದರೆ ಸ್ಟುಡಿಯೋದವರು ಲೇಯರ್ (ಒಂದರ ಮೇಲೊಂದು ಇಟ್ಟ ಪದರ) ಸಮೇತ ಪಿಎಸ್‌ಡಿ (ಫೋಟೋಶಾಪಿನ ಫೈಲ್) ಕೇಳಿದರೆ ಫೋಟೋಶಾಪ್ ಬೇಕಾದೀತು. ತುಲಾ ಮಳೆಯ (ಅಕ್ಟೋಬರ್-ನವೆಂಬರ್) ಗುಡುಗು ಸಿಡಿಲಿಗೆ ಯುಪಿಎಸ್ ನಂಬಿ ಕೂರಬೇಡಿ. ಕರೆಂಟಿನ ಪ್ಲಗ್ ಜೊತೆಗೆ ಇಂಟರ್‌ನೆಟ್ಟಿನ ತಾಮ್ರದ ಕೇಬಲ್ ಇದ್ದರೆ ಅದನ್ನೂ ಕಳಚಿಡಿ.

ಮುಖದ ಕೆಲಸಕ್ಕೆ ಕ್ರಮ ಉಂಟು. ರಾ ಫೈಲಿನಲ್ಲಿ (ಕ್ಯಾಮೆರಾದ ಕಚ್ಚಾ ಫೈಲ್) ಮೊದಲು ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ಸರಿಮಾಡುವುದು), ಆಮೇಲೆ ಬೆಳಕು. ನಂತರ ಖಾಲಿ ಲೇಯರ್ ತೆಗೆದು, ಹೀಲಿಂಗ್ ಬ್ರಷ್ಷಿನಿಂದ ಮೊಡವೆ, ಗೀರುಗಳನ್ನು ತೆಗೆಯಿರಿ. ಮಚ್ಚೆ, ಹುಟ್ಟುಗುರುತು ಕೇಳದೆ ಮುಟ್ಟಬೇಡಿ. ಮೂರನೆಯದಾಗಿ ಡಾಡ್ಜ್ ಅಂಡ್ ಬರ್ನ್ (ಬೇಕಾದಲ್ಲಿ ಬೆಳಕು ಏರಿಸುವುದು, ಇಳಿಸುವುದು): 50% ಬೂದು ತುಂಬಿದ ಲೇಯರನ್ನು ಸಾಫ್ಟ್ ಲೈಟಿಗೆ ಹಾಕಿ, ಬ್ರಷ್ಷಿನ ಫ್ಲೋ (ಬಣ್ಣ ಬೀಳುವ ಪ್ರಮಾಣ) 1ರಿಂದ 3%ರಲ್ಲಿ ಬಿಳಿ, ಕಪ್ಪು ಹಚ್ಚುತ್ತಾ ಕಲೆಗಳನ್ನು ಸಮ ಮಾಡಿ. ನಿಧಾನದ ಕೆಲಸ, ಆದರೆ ಚರ್ಮ ಚರ್ಮವಾಗಿಯೇ ಉಳಿಯುತ್ತದೆ.

ಅವಸರಕ್ಕೆ ಫ್ರೀಕ್ವೆನ್ಸಿ ಸೆಪರೇಷನ್ (ಬಣ್ಣ, ನೆರಳನ್ನು ಒಂದು ಲೇಯರಿಗೂ ಚರ್ಮದ ಸೂಕ್ಷ್ಮ ವಿವರವನ್ನು ಇನ್ನೊಂದಕ್ಕೂ ಬೇರ್ಪಡಿಸುವುದು) ಮಾಡುವುದಾದರೆ ಚಿತ್ರದ ಎರಡು ಪ್ರತಿ ಮಾಡಿ. ಕೆಳಗಿನದಕ್ಕೆ ಗಾಸಿಯನ್ ಬ್ಲರ್ (ಮಸುಕು), ಚರ್ಮದ ರಂಧ್ರಗಳು ಮಾಯವಾಗುವಷ್ಟು ಮಾತ್ರ. ಮೇಲಿನದರಲ್ಲಿ ಅಪ್ಲೈ ಇಮೇಜ್ ತೆರೆದು ಕೆಳಗಿನ ಲೇಯರನ್ನು ಆರಿಸಿ: 8 ಬಿಟ್ಟಿನ ಫೈಲಿಗೆ ಸಬ್‌ಟ್ರಾಕ್ಟ್, ಸ್ಕೇಲ್ 2, ಆಫ್‌ಸೆಟ್ 128, 16 ಬಿಟ್ಟಿಗೆ ಇನ್ವರ್ಟ್ ಟಿಕ್ ಮಾಡಿ ಆ್ಯಡ್, ಸ್ಕೇಲ್ 2, ಆಫ್‌ಸೆಟ್ 0. ಕೊನೆಗೆ ಬ್ಲೆಂಡ್ ಮೋಡ್ ಲೀನಿಯರ್ ಲೈಟ್. ಈಗ ಚಿತ್ರ ಮೂಲದ ಹಾಗೆಯೇ ಕಾಣಬೇಕು. ಕಾಣದಿದ್ದರೆ ಯಾವುದೋ ಅಂಕೆ ತಪ್ಪಿದೆ. ಇನ್ನು ಕೆಳಗಿನ ಲೇಯರಿನಲ್ಲಿ ಕಲೆ ಇರುವ ಜಾಗವನ್ನಷ್ಟೇ ಲಾಸೋದಿಂದ ಸುತ್ತುಹಾಕಿ ಸ್ವಲ್ಪ ಬ್ಲರ್ ಕೊಡಿ. ಕೆನ್ನೆಯ ನೆರಳನ್ನೂ ಸೇರಿಸಿ ಬ್ಲರ್ ಮಾಡಿದರೆ ಮುಖದ ಉಬ್ಬುತಗ್ಗು ಹೋಗಿ ಮೇಣದ ಗೊಂಬೆಯಾಗುತ್ತದೆ.

“ಸ್ವಲ್ಪ ಬೆಳ್ಳಗೆ ಮಾಡಿ” ಎಂದು ಕೇಳುವವರಿದ್ದಾರೆ. ಮೈಬಣ್ಣ ಬದಲಿಸದೆ ಮುಖದ ಮೇಲೆ ಬಿದ್ದ ಬೆಳಕನ್ನು ಮಾತ್ರ ಏರಿಸಿಕೊಡಿ. ಮುಖ ಬೆಳ್ಳಗಾಗಿ ಕುತ್ತಿಗೆ, ಕೈ ಹಾಗೆಯೇ ಉಳಿದರೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಅದಕ್ಕಿಂತ ಹೆಚ್ಚಾಗಿ, ಮದುಮಗಳು ಆಲ್ಬಮಿನಲ್ಲಿ ತನ್ನನ್ನೇ ನೋಡಬೇಕು. ಕಸವು (ಜರಿ ಅಂಚಿನ) ಸೀರೆಯ ಬಿಳಿ, ಜಡೆಯ ಮಲ್ಲಿಗೆ ವಿವರ ಕಳೆದುಕೊಂಡು ಬರೀ ಬಿಳಿಯಾಗದಂತೆ ಹೈಲೈಟ್ (ಅತಿ ಬೆಳಕಿನ ಭಾಗ) ತಗ್ಗಿಸಿ. ಭೂತಾರಾಧನೆಯ ಕೋಲ, ತೆಯ್ಯಂ ಚಿತ್ರಗಳಲ್ಲಿ ಆಟೋ ವೈಟ್ ಬ್ಯಾಲೆನ್ಸ್ ಬೇಡ. ಮುಖಕ್ಕೆ ಹಚ್ಚಿದ ಅರದಳದ (ಹಳದಿ ಖನಿಜ) ಬಣ್ಣವನ್ನೂ ದೀಟಿಗೆಯ (ಪಂಜು) ಬೆಳಕನ್ನೂ ಅದು ದೋಷವೆಂದು ಎಣಿಸಿ ನೀಲಿ ಬೆರೆಸುತ್ತದೆ.

ಪತ್ತನಾಜೆ (ಮೇ ಕೊನೆ) ಕಳೆದು ಆಟಿ (ಜುಲೈ-ಆಗಸ್ಟ್) ಮುಗಿಯುವ ತನಕ ಮದುವೆ, ಕೋಲದ ಕೆಲಸ ಕಡಿಮೆ. ಆಗ ಹಳೆಯ ಫೋಟೋ ಸರಿಮಾಡುವ ಕೆಲಸ ಹುಡುಕಿ. ನಮ್ಮ ತೇವದ ಹವೆಯಲ್ಲಿ ಬೂಸ್ಟು ಹಿಡಿದ ಫೋಟೋ ಇಲ್ಲದ ಮನೆ ಕಡಿಮೆ. ಫ್ರೇಮಿನ ಗಾಜಿಗೆ ಅಂಟಿದ ಫೋಟೋವನ್ನು ಎಂದೂ ಕೀಳಬೇಡಿ, ಎಮಲ್ಶನ್ (ಚಿತ್ರವಿರುವ ತೆಳು ಪದರ) ಗಾಜಿನಲ್ಲೇ ಉಳಿದುಬಿಡುತ್ತದೆ. ಗಾಜನ್ನು ಹೊರಬದಿಯಿಂದ ಒರೆಸಿ, ಗಾಜಿನ ಸಮೇತ ಸ್ಕ್ಯಾನ್ ಮಾಡಿ. ಪೋಸ್ಟ್‌ಕಾರ್ಡ್ ಅಳತೆಯ ಫೋಟೋಕ್ಕೆ 600 ಡಿಪಿಐ (ಇಂಚಿಗೆ ಚುಕ್ಕೆಗಳು), ಟಿಫ್ (ಗುಣ ಕುಗ್ಗದೆ ಉಳಿಯುವ) ಫೈಲ್. ಕಾಗದ ತರಿತರಿಯಾಗಿದ್ದರೆ ಒಮ್ಮೆ ನೇರ, ಒಮ್ಮೆ 180 ಡಿಗ್ರಿ ತಿರುಗಿಸಿ ಸ್ಕ್ಯಾನ್ ಮಾಡಿ, ಎರಡನ್ನೂ ಸರಿಯಾಗಿ ಹೊಂದಿಸಿ ಮೇಲಿನದನ್ನು 50% ಒಪಾಸಿಟಿಗೆ ಇಳಿಸಿದರೆ ಕಾಗದದ ಹೊಳಪು ಬಹಳ ಮಟ್ಟಿಗೆ ಕುಗ್ಗುತ್ತದೆ. ಕಣ್ಣು, ಬಾಯಿ ಹರಿದುಹೋಗಿದ್ದರೆ ಅದೇ ವ್ಯಕ್ತಿಯ ಇನ್ನೊಂದು ಫೋಟೋ ಕೇಳಿ. ಎಐ ಕಟ್ಟಿಕೊಡುವ ಕಣ್ಣು ಚಂದವಿರಬಹುದು, ಅಜ್ಜಿಯದಾಗಿರುವುದಿಲ್ಲ.

ದರ ಹೇಳುವ ಮೊದಲು ಹತ್ತು ಫೋಟೋಗಳಿಗೆ ಹಿಡಿದ ಸಮಯ ಅಳೆಯಿರಿ. ಬಣ್ಣ ತಿದ್ದುವುದಕ್ಕೆ, ಮುಖಕ್ಕೆ, ಹಳೆಯ ಫೋಟೋಕ್ಕೆ ಬೇರೆಬೇರೆ ದರ ಇರಲಿ. ಅರ್ಧ ಮುಂಗಡ, ಎರಡು ಸಲ ತಿದ್ದುಪಡಿ, ಮೂರನೆಯದಕ್ಕೆ ಹಣ ಎಂಬುದನ್ನು ವಾಟ್ಸಾಪಿನಲ್ಲಾದರೂ ಬರೆದು ಒಪ್ಪಿಸಿಕೊಳ್ಳಿ. ಹಳೆಯದು, ಹೊಸದು ಜೋಡಿಸಿ ಮಾದರಿ ತೋರಿಸಲು ಫೋಟೋದಲ್ಲಿರುವವರ ಒಪ್ಪಿಗೆ ಬೇಕು. ಪಾಸ್‌ಪೋರ್ಟಿನ ಫೋಟೋ ತಿದ್ದಲು ಒಪ್ಪಬೇಡಿ, ತಿದ್ದಿದ್ದು ತಿರಸ್ಕೃತವಾಗಬಹುದು.

ಕಳಿಸುವಾಗ ಎಸ್‌ಆರ್‌ಜಿಬಿ ಜೆಪೆಗ್. 12×36 ಇಂಚಿನ ಆಲ್ಬಂ ಹಾಳೆಗೆ 300 ಡಿಪಿಐಯಲ್ಲಿ 10800×3600 ಪಿಕ್ಸೆಲ್ ಆಗುತ್ತದೆ. ಅಂಚಿನಲ್ಲಿ ಎಷ್ಟು ಕತ್ತರಿಸುತ್ತಾರೆಂದು ಲ್ಯಾಬಿನಲ್ಲೇ ಕೇಳಿ. ವಾಟ್ಸಾಪಿನಲ್ಲಿ ಸುಮ್ಮನೆ ಫೋಟೋ ಆಗಿ ಕಳಿಸಿದರೆ ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿ ಅಥವಾ ಡ್ರೈವ್ ಲಿಂಕಿನಲ್ಲಿ ಕೊಡಿ. ಆಲ್ಬಂ ಕೈಗೆ ಬಂತೆಂದು ಸ್ಟುಡಿಯೋದವರು ಹೇಳುವ ತನಕ ಮೂಲ ಫೈಲುಗಳ ಎರಡು ಪ್ರತಿ ಬೇರೆಬೇರೆ ಡಿಸ್ಕಿನಲ್ಲಿರಲಿ.